ನೆರಳು ಅಳೆಯೋಣ, ಮಕ್ಕಳ ಮೈ ಕಾಯೋಣ

ಬಿಸಿಲು ಬೇಡ ಅನ್ನುವವರು ಯಾರಿದ್ದಾರೆ? ಮೆಣಸಿನಕಾಯಿ ಒಣಗಬೇಕು. ಹಪ್ಪಳ, ಸಂಡಿಗೆ ಒಣಗಬೇಕು. ಒಗೆದ ಬಟ್ಟೆ, ಹಾಸುವ ಕೌದಿ ಒಣಗಬೇಕು. ಬಿಸಿಲು ಇಲ್ಲದೆ ಬೆಳೆ ಇಲ್ಲ. ಬೆಳೆ ಇಲ್ಲದೆ ನಾವಿಲ್ಲ.

ಆದರೆ ಹಪ್ಪಳ ಒಣಗಿಸುವ ಬಿಸಿಲೇ ಕೂಸಿನ ಮೈಮೇಲೂ ಬೀಳುತ್ತದೆ. ಹಪ್ಪಳಕ್ಕೆ ಒಳ್ಳೆಯದಾದದ್ದು ಕೂಸಿಗೂ ಒಳ್ಳೆಯದೇ? ಈ ಪಾಠದಲ್ಲಿ ಅದನ್ನು ನೋಡೋಣ.

ನಮ್ಮ ಮಾತಿನಲ್ಲಿ ಬಿಸಿಲಿಗೆ ಎಷ್ಟೊಂದು ಹೆಸರು! ಬೆಳಗಿನದು ಎಳೆಬಿಸಿಲು. ಹೊತ್ತು ಏರಿದರೆ ಏರುಬಿಸಿಲು. ಮಟಮಟ ಮಧ್ಯಾಹ್ನದ್ದು ಸುಡುಬಿಸಿಲು, ಉರಿಬಿಸಿಲು, ರಣಬಿಸಿಲು. ಸಂಜೆಯದು ಇಳಿಬಿಸಿಲು. ಈ ಹೆಸರುಗಳನ್ನು ಇಟ್ಟವರು ಶಾಲೆ ಕಂಡವರಲ್ಲ. ಹೊಲದಲ್ಲಿ ದುಡಿದವರು. ಎಲ್ಲಾ ಬಿಸಿಲೂ ಒಂದೇ ಅಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಾಣುವ ಬಿಸಿಲು, ಕಾಣದ ಕಿರಣ

ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ ಇದ್ದಾನೆ. ಅಲ್ಲಿಂದ ಹೊರಟ ಬೆಳಕು ನಮ್ಮ ಅಂಗಳಕ್ಕೆ ಬಂದು ಮುಟ್ಟಲು 8 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಬಿಸಿಲಿನಲ್ಲಿ ಮೂರು ಸಂಗತಿ ಸೇರಿವೆ. ಒಂದು ಬೆಳಕು. ಅದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಕಾವು. ಅದು ಮೈಗೆ ತಿಳಿಯುತ್ತದೆ. ಮೂರನೆಯದು ಕಣ್ಣಿಗೂ ಕಾಣುವುದಿಲ್ಲ, ಮೈಗೂ ತಿಳಿಯುವುದಿಲ್ಲ. ಅದರ ಹೆಸರು ನೇರಳಾತೀತ ಕಿರಣ. ಕಾಮನಬಿಲ್ಲು ನೋಡಿದ್ದೀರಲ್ಲ? ಅದರ ಒಂದು ಅಂಚಿನ ಬಣ್ಣ ನೇರಳೆ. ಆ ನೇರಳೆಯ ಆಚೆಗೆ ಇರುವ ಕಿರಣ ಇದು. ನಮ್ಮ ಕಣ್ಣು ಅಲ್ಲಿಯವರೆಗೆ ಹೋಗುವುದಿಲ್ಲ.

ಬಿಸಿಲಿನಿಂದ ಚರ್ಮ ಸುಡುವುದು ಈ ಮೂರನೆಯದರಿಂದ. ನಾವು ಮೋಸ ಹೋಗುವುದೂ ಇಲ್ಲೇ. ಗಾಳಿ ತಂಪಾಗಿ ಬೀಸುತ್ತಿದ್ದರೆ "ಇವತ್ತು ಬಿಸಿಲು ಜೋರಿಲ್ಲ" ಅಂದುಕೊಳ್ಳುತ್ತೇವೆ. ಆದರೆ ಕಾವು ಕಡಿಮೆ ಇದ್ದರೂ ಕಿರಣ ಕಡಿಮೆ ಇರಬೇಕೆಂದಿಲ್ಲ. ತೆಳು ಮೋಡ ಇದ್ದರೂ ಹೆಚ್ಚಿನ ಪಾಲು ಕಿರಣ ಕೆಳಗೆ ಬಂದೇ ಬರುತ್ತದೆ. ಹೊಳೆಯ ದಂಡೆಯ ಮರಳು ಒಂದಿಷ್ಟು ಕಿರಣವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಎತ್ತರದ ಜಾಗಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಕಿರಣ ಜೋರಾಗುತ್ತದೆ. 1,000 ಮೀಟರ್ ಏರಿದರೆ ನೂರಕ್ಕೆ ಹತ್ತು ಪಾಲು ಹೆಚ್ಚುತ್ತದೆ. ಬೆಂಗಳೂರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳು ಇನ್ನೂ ಎತ್ತರ. ಅಲ್ಲಿಯ ತಂಪು ನಂಬಿ ಮಕ್ಕಳನ್ನು ನಡು ಹಗಲಿನಲ್ಲಿ ಬರಿಮೈಯಲ್ಲಿ ಬಿಡುವ ಹಾಗಿಲ್ಲ.

ನೆರಳೇ ಗಡಿಯಾರ

ಕಾಣದ ಕಿರಣವನ್ನು ಅಳೆಯೋದು ಹೇಗೆ? ಯಂತ್ರ ಬೇಡ. ದುಡ್ಡೂ ಬೇಡ. ನಿಮ್ಮ ನೆರಳನ್ನು ನೋಡಿ.

ನಿಮ್ಮ ನೆರಳು ನಿಮಗಿಂತ ಉದ್ದ ಇದೆಯೇ? ಹಾಗಾದರೆ ಕಿರಣದ ಜೋರು ಕಡಿಮೆ. ನೆರಳು ನಿಮಗಿಂತ ಗಿಡ್ಡ ಆಯಿತೇ? ಹಾಗಾದರೆ ಕಿರಣ ಜೋರಾಗಿದೆ, ಮಕ್ಕಳನ್ನು ನೆರಳಿಗೆ ಕರೆಯಿರಿ. ಇಷ್ಟೇ ಲೆಕ್ಕ. ಮಗುವನ್ನೇ ನಿಲ್ಲಿಸಿ ಅದರ ನೆರಳು ನೋಡಿದರೂ ಆಯಿತು. ಲೆಕ್ಕ ಬದಲಾಗುವುದಿಲ್ಲ.

ಯಾಕೆ ಹೀಗೆ? ಕಬ್ಬಿನ ಗದ್ದೆಯನ್ನು ನೇರವಾಗಿ ದಾಟಿದರೆ ಬೇಗ ಆಚೆ ಬರುತ್ತೇವೆ. ಓರೆಯಾಗಿ ದಾಟಿದರೆ ಹೆಚ್ಚು ನಡೆಯಬೇಕು, ಹೆಚ್ಚು ಗರಿ ತಾಗುತ್ತದೆ. ಬಿಸಿಲೂ ಹಾಗೆಯೇ. ಬೆಳಿಗ್ಗೆ, ಸಂಜೆ ಅದು ಗಾಳಿಯ ಪದರವನ್ನು ಓರೆಯಾಗಿ ದಾಟಿ ಬರುತ್ತದೆ. ದಾರಿಯಲ್ಲಿ ಸುಡುವ ಕಿರಣ ಬಹಳಷ್ಟು ಸೋಸಿ ಹೋಗುತ್ತದೆ. ಹೊತ್ತು ನೆತ್ತಿಗೆ ಬಂದಾಗ ನೇರವಾಗಿ ಇಳಿಯುತ್ತದೆ. ಸೋಸುವುದು ಕಡಿಮೆ.

ನಮ್ಮ ರಾಜ್ಯದಲ್ಲಿ ಬೇಸಿಗೆಯಲ್ಲಿ ಸುಮಾರು ಒಂಬತ್ತೂವರೆಯಿಂದ ಮೂರೂವರೆಯ ತನಕ ನೆರಳು ಗಿಡ್ಡವಾಗಿ ಇರುತ್ತದೆ. ಕರ್ನಾಟಕದ ಯಾವ ಊರೇ ಇರಲಿ, ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ! ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಕಲಬುರಗಿಯಲ್ಲಿ ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಇದನ್ನು ಮಕ್ಕಳಿಗೆ ತೋರಿಸಿ. ಖುಷಿ ಪಡುತ್ತಾರೆ. (ತೋರಿಸಿ ಬೇಗ ಒಳಗೆ ಕರೆದುಕೊಳ್ಳಿ.)

ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಹೊತ್ತನ್ನೇ ಬದಲಿಸುವ ರೂಢಿ ಇದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಸುತ್ತಾರೆ. ಫ್ಯಾನಿನ ಕೆಳಗೆ ಕೂತು ಬರೆಯುವ ದೊಡ್ಡವರಿಗೇ ಬಿಸಿಲಿನ ರಿಯಾಯಿತಿ ಬೇಕು ಅಂದ ಮೇಲೆ, ಅಂಗಳದಲ್ಲಿ ಆಡುವ ಮೂರು ವರ್ಷದ ಮಗುವಿಗೆ ಬೇಡವೇ?

ಕೂಸಿನ ಚರ್ಮ ಬೇರೆ

ನಮ್ಮ ಚರ್ಮದಲ್ಲಿ ಕಪ್ಪು ಬಣ್ಣ ತಯಾರಿಸುವ ಸಣ್ಣ ಸಣ್ಣ ಜೀವಕೋಶಗಳು ಇವೆ. ಆ ಬಣ್ಣದ ಹೆಸರು ಮೆಲನಿನ್. ಬಿಸಿಲು ಬಿದ್ದಾಗ ಈ ಬಣ್ಣ ಹೆಚ್ಚುತ್ತದೆ. ಒಳಗಿನ ಪದರಕ್ಕೆ ಕೊಡೆ ಹಿಡಿದ ಹಾಗೆ ಅಡ್ಡ ನಿಲ್ಲುತ್ತದೆ.

ಎಳೆ ಕೂಸಿನ ಮೈಯಲ್ಲಿ ಈ ಕೊಡೆ ಇನ್ನೂ ಪೂರ್ತಿ ಬಿಚ್ಚಿರುವುದಿಲ್ಲ. ಚರ್ಮವೂ ತೆಳು. ಬೆವರುವ ಶಕ್ತಿಯೂ ಕಡಿಮೆ. ಅದಕ್ಕೇ ಕೂಸಿನ ಮೈ ಬೇಗ ಕಾಯುತ್ತದೆ. ದೊಡ್ಡವರಾದರೆ "ಅಬ್ಬಾ ಬಿಸಿಲು" ಅಂತ ಎದ್ದು ಹೋಗುತ್ತೇವೆ. ಕೂಸು ಎದ್ದು ಹೋಗುವುದಿಲ್ಲ. ಅಳುತ್ತದೆ. ಹಸಿವಾಗಿದೆ ಅಂದುಕೊಳ್ಳುತ್ತೇವೆ.

ಆರು ತಿಂಗಳ ಒಳಗಿನ ಕೂಸನ್ನು ಸುಡುಬಿಸಿಲಿನಲ್ಲಿ ಇಡಲೇಬಾರದು. ಅದಕ್ಕೆ ನೆರಳು ಮತ್ತು ಬಟ್ಟೆ, ಇವೆರಡೇ ಔಷಧ.

ಅಜ್ಜಿಯ ಮಾತು, ಆಶಾ ಅಕ್ಕನ ಮಾತು

ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯಲ್ಲಿ ನಾವು ಕೇಳಿದ ಮಾತು ಇದು. ಬಾಣಂತಿ ಮನೆ. ಎರಡು ತಿಂಗಳ ಕೂಸಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಅಂಗಳದಲ್ಲಿ ಕೌದಿಯ ಮೇಲೆ ಮಲಗಿಸಿದ್ದರು. ಆಶಾ ಕಾರ್ಯಕರ್ತೆ ಬಂದರು.

"ಯಾಕಮ್ಮಾ, ಕೂಸಿನ್ನ ಇಂಥಾ ಬಿಸಿಲಾಗ ಮಲಗಿಸೀರಲ್ಲ?"

"ಎಣ್ಣಿ ಹಚ್ಚಿ ಬಿಸಿಲಿಗೆ ಹಾಕಿದ್ರ ಎಲುಬು ಗಟ್ಟಿ ಆಗ್ತಾವವ್ವಾ. ನಮ್ಮತ್ತಿ ಹಿಂಗೇ ಮಾಡ್ತಿದ್ರು. ನಾನೂ ಮಾಡೀನಿ. ನನ್ನ ಮಕ್ಕಳಿಗೆ ಏನಾಗೇದ?"

"ಏನೂ ಆಗಿಲ್ಲ ಬಿಡ್ರಿ. ಗಟ್ಟಿಮುಟ್ಟ ಅದಾರ. ಆದ್ರ ನಿಮ್ಮತ್ತಿ ಎಷ್ಟೊತ್ತಿಗೆ ಬಿಸಿಲಿಗೆ ಹಾಕ್ತಿದ್ರು?"

ಅಜ್ಜಿ ಸ್ವಲ್ಪ ಯೋಚಿಸಿದರು. "ಹೊತ್ತು ಮೂಡಿದ ಕೂಡ್ಲೆ. ಹೊಲಕ್ಕ ಹೋಗೂದಿರ್ತಿತ್ತಲ್ಲ, ನಸುಕಿನ್ಯಾಗೇ ನೀರು ಹಾಕಿ ಮುಗಸ್ತಿದ್ರು."

"ಈಗ ಹೊತ್ತೆಷ್ಟಾತು ನೋಡ್ರಿ."

ಹನ್ನೊಂದಾಗಿತ್ತು.

"ಏನ್ ಮಾಡೂದವ್ವಾ, ನಳದಾಗ ನೀರು ಬರೂದೇ ಹತ್ತಕ್ಕ" ಅಂದರು ಅಜ್ಜಿ.

ಸೊಸೆ ಬಾಗಿಲಲ್ಲಿ ನಿಂತಿದ್ದಳು. "ಅತ್ತಿ, ನಿನ್ನೆ ರಾತ್ರಿ ಕೂಸಿನ ಬೆನ್ನು ಮುಟ್ಟಿದ್ರ ಬಿಸಿ ಇತ್ರಿ. ಮುಟ್ಟಿದ ಕೂಡ್ಲೆ ಚೀರ್ತಿತ್ತು" ಅಂದಳು ಮೆಲ್ಲಗೆ.

ಅಜ್ಜಿ ಕೂಸನ್ನು ಎತ್ತಿಕೊಂಡು ಒಳಗೆ ನಡೆದರು. ಬೇರೆ ಮಾತು ಬೇಕಾಗಲಿಲ್ಲ.

ಇಲ್ಲಿ ತಪ್ಪು ಯಾರದು? ಅಜ್ಜಿಯ ಪದ್ಧತಿ ಎಳೆಬಿಸಿಲಿನ ಪದ್ಧತಿ. ನಳದ ನೀರು ಬರುವ ಹೊತ್ತಿನ ಜೊತೆಗೆ ಅದೂ ಸರಿದು ಹನ್ನೊಂದು ಗಂಟೆಗೆ ಬಂತು. ಹಿರಿಯರು ಮಾಡಿದ್ದನ್ನು ಮಾಡುವಾಗ ಅವರು ಮಾಡಿದ ಹೊತ್ತನ್ನೂ ನೋಡಬೇಕು. ಹಿಂದಿನ ಸಂಜೆಯೇ ಒಂದು ಕೊಡ ನೀರು ಹಿಡಿದಿಟ್ಟರೆ ಈ ತೊಂದರೆ ಇಲ್ಲ.

ಇನ್ನೊಂದು ಮಾತು. ಹುಟ್ಟಿದ ಕೂಸಿಗೆ ಕಾಮಾಲೆ ಬಂದರೆ ಬಿಸಿಲಿಗೆ ಹಿಡಿಯುವ ರೂಢಿ ಇದೆ. ಆಸ್ಪತ್ರೆಯಲ್ಲೂ ಬೆಳಕಿನ ಕೆಳಗೆ ಮಲಗಿಸುತ್ತಾರೆ, ನಿಜ. ಆದರೆ ಅದು ಬೇರೆ ಬೆಳಕು. ಅಳತೆ ಇಟ್ಟು ಕೊಡುವ ನೀಲಿ ಬೆಳಕು. ಅದರಲ್ಲಿ ಸುಡುವ ಕಿರಣ ಇರುವುದಿಲ್ಲ. ಹುಟ್ಟಿದ ಮೊದಲ ದಿನವೇ ಕೂಸು ಹಳದಿಯಾದರೆ, ಅಂಗೈ ಅಂಗಾಲು ಹಳದಿಯಾದರೆ, ಹಾಲು ಕುಡಿಯದೆ ಮಂಕಾಗಿ ಮಲಗಿದರೆ ಬಿಸಿಲನ್ನು ನಂಬಿ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ತಡವಾದರೆ ಮಿದುಳಿಗೆ ಪೆಟ್ಟು ಬೀಳುತ್ತದೆ.

ಎಲುಬಿಗೆ ಬಿಸಿಲು ಬೇಕಲ್ಲ?

ಬೇಕು. ಅಜ್ಜಿ ಹೇಳಿದ್ದು ಸುಳ್ಳಲ್ಲ. ಬಿಸಿಲು ಬಿದ್ದಾಗ ನಮ್ಮ ಚರ್ಮ ವಿಟಮಿನ್ ಡಿ ತಯಾರಿಸುತ್ತದೆ. ಅದು ಇಲ್ಲದಿದ್ದರೆ ಎಲುಬು ಮೆತ್ತಗಾಗುತ್ತದೆ, ಮಕ್ಕಳ ಕಾಲು ಸೊಟ್ಟಗಾಗುತ್ತದೆ. ಈ ರೋಗಕ್ಕೆ ರಿಕೆಟ್ಸ್ ಅಂತ ಹೆಸರು. ಮಕ್ಕಳನ್ನು ದಿನವಿಡೀ ಮನೆಯೊಳಗೆ ಕೂಡಿ ಹಾಕುವುದೂ ತಪ್ಪು. ಇತ್ತೀಚೆಗೆ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತ ಮಕ್ಕಳಿಗೆ ಈ ಮಾತು ಹೆಚ್ಚು ಸಲ್ಲುತ್ತದೆ.

ಆದರೆ ಎಷ್ಟು ಬಿಸಿಲು? ಚರ್ಮ ತನಗೆ ಬೇಕಾದಷ್ಟು ಮಾಡಿಕೊಂಡು ಅಲ್ಲಿಗೆ ನಿಲ್ಲಿಸುತ್ತದೆ. ಮೈ ಸುಡುವ ತನಕ ನಿಂತರೆ ಹೆಚ್ಚು ವಿಟಮಿನ್ ಸಿಗುವುದಿಲ್ಲ. ಓಡಾಡುವ ಮಕ್ಕಳು ಶಾಲೆಗೆ ನಡೆದು ಹೋಗುವಾಗ, ಅಂಗಳದಲ್ಲಿ ಆಡುವಾಗ ಕೈಕಾಲಿಗೆ ಬಿಸಿಲು ಬಿದ್ದೇ ಬೀಳುತ್ತದೆ. ಎಳೆಬಿಸಿಲಿನಲ್ಲಿ ಈ ವಿಟಮಿನ್ ತಯಾರಾಗುವುದು ಕಡಿಮೆ ಅನ್ನುವುದೂ ನಿಜವೇ. ಅದಕ್ಕೆ ಒಂದು ವರ್ಷದ ಒಳಗಿನ ಕೂಸುಗಳಿಗೆ ಮಕ್ಕಳ ವೈದ್ಯರು ವಿಟಮಿನ್ ಡಿ ಹನಿ ಬರೆದುಕೊಡುತ್ತಾರೆ. ದಿನಕ್ಕೆ 400 ಯೂನಿಟ್. ಲಸಿಕೆ ಹಾಕಿಸಲು ಹೋದಾಗ ಕೇಳಿ. ಕೂಸಿನ ಮೈ ಸುಡುವುದಕ್ಕಿಂತ ಈ ಹನಿ ಮೇಲು.

ಹೊಲದಲ್ಲಿ, ಕೂಲಿಯಲ್ಲಿ

"ನೆರಳಲ್ಲಿ ಇಡಿ ಅಂತ ಹೇಳೋದು ಸುಲಭ. ಕೂಲಿಗೆ ಹೋಗೋರು ಏನು ಮಾಡಬೇಕು?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ.

ಕಳೆ ತೆಗೆಯುವಾಗ, ಹತ್ತಿ ಬಿಡಿಸುವಾಗ ತಾಯಂದಿರು ಬೇವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಾರೆ. ಒಳ್ಳೆಯದು. ಆದರೆ ನೆರಳು ಒಂದೇ ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ ಮರದ ಪಡುವಣಕ್ಕೆ ಇದ್ದ ನೆರಳು ಮಧ್ಯಾಹ್ನದ ಮೇಲೆ ಮೂಡಣಕ್ಕೆ ಸರಿಯುತ್ತದೆ. ಎಂಟಕ್ಕೆ ನೆರಳಲ್ಲಿ ಮಲಗಿಸಿದ ಕೂಸು ಹನ್ನೆರಡಕ್ಕೆ ಬಿಸಿಲಲ್ಲಿ ಇರುತ್ತದೆ. ಅದಕ್ಕೇ ಆಗಾಗ ಯಾರಾದರೂ ಒಬ್ಬರು ಹೋಗಿ ನೋಡಿ ಬರಬೇಕು. ಮರ ಇಲ್ಲದ ಹೊಲದಲ್ಲಿ ನಾಲ್ಕು ಗೂಟ ನೆಟ್ಟು ಸೀರೆ ಕಟ್ಟಿ. ಎರಡು ಮಡಿಕೆ ಮಾಡಿ ಕಟ್ಟಿದರೆ ನೆರಳು ದಟ್ಟ. ಪಕ್ಕ ತೆರೆದಿರಲಿ, ಗಾಳಿ ಆಡಲಿ. ಪ್ಲಾಸ್ಟಿಕ್ ಹಾಳೆ ಬೇಡ, ಅದರ ಕೆಳಗೆ ಒಲೆಯ ಹಾಗೆ ಕಾವು ಕಟ್ಟುತ್ತದೆ. ಕೂಸಿನ ಮುಖದ ಮೇಲೆ ದಪ್ಪ ಬಟ್ಟೆ ಮುಚ್ಚುವುದೂ ಬೇಡ.

2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಒಂದು ಮಾತು ಬರೆದಿದ್ದರು. ಕೆಲಸದ ಜಾಗದಲ್ಲಿ ಕುಡಿಯುವ ನೀರು ಇರಬೇಕು, ಮಕ್ಕಳಿಗೆ ನೆರಳು ಇರಬೇಕು. ಆರು ವರ್ಷದ ಒಳಗಿನ ಐದು ಅಥವಾ ಹೆಚ್ಚು ಮಕ್ಕಳು ತಾಯಂದಿರ ಜೊತೆ ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಬಿಡಬೇಕು. ಅವಳಿಗೂ ಕೂಲಿ ಕೊಡಬೇಕು. ಎಷ್ಟೋ ಕಡೆ ಇದು ಹಾಳೆಯ ಮೇಲೇ ಉಳಿಯಿತು. ಕೇಳುವವರು ಇದ್ದ ಕಡೆ ಹಂದರ ಎದ್ದಿತು. 2023ರ ನಂತರ ನಮ್ಮ ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಅಂತ ಶುರು ಮಾಡಿದರು. ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ ಅದು. ನಿಮ್ಮೂರಲ್ಲಿ ಇದೆಯೇ? ಪಂಚಾಯಿತಿಗೆ ಹೋಗಿ ಕೇಳಿ. ಬಾಯಲ್ಲಿ ಕೇಳಿದರೆ ಸಾಲದು, ಈಗ ನಿಮಗೆ ಬರೆಯಲು ಬರುತ್ತದೆ. ಅರ್ಜಿ ಬರೆದು ಕೊಡಿ.

ಬಟ್ಟೆ ಎಂಥದು ಇರಬೇಕು? ಹತ್ತಿ ಬಟ್ಟೆ, ಸಡಿಲ, ತುಂಬು ತೋಳು. ಒಂದು ಪರೀಕ್ಷೆ ಮಾಡಿ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಆಚೆಗಿನದು ಚೆನ್ನಾಗಿ ಕಂಡರೆ ಕಿರಣವೂ ಹಾಗೇ ನುಗ್ಗುತ್ತದೆ. ಒತ್ತಾಗಿ ನೇಯ್ದ ಬಟ್ಟೆ ಒಳ್ಳೆಯದು. ಪೇಟೆಯಲ್ಲಿ ಸಿಗುವ ಕ್ಯಾಪು ಹಣೆಗೆ ಮಾತ್ರ ನೆರಳು ಕೊಡುತ್ತದೆ. ಕಿವಿ, ಕುತ್ತಿಗೆ ಬಿಸಿಲಲ್ಲೇ ಇರುತ್ತವೆ. ನಮ್ಮ ಅಜ್ಜಿಯರು ಹೊಲಿಯುತ್ತಿದ್ದ ಕುಂಚಿಗೆ ನೆನಪಿದೆಯೇ? ತಲೆ, ಕಿವಿ, ಕುತ್ತಿಗೆ, ಬೆನ್ನು ಎಲ್ಲವನ್ನೂ ಮುಚ್ಚುತ್ತಿತ್ತು. ಅದರ ಮುಂದೆ ಕ್ಯಾಪು ಏನೂ ಅಲ್ಲ. ಹಳೆ ಸೀರೆಯಲ್ಲಿ ತೆಳ್ಳಗೆ, ಅಸ್ತರಿ ಇಲ್ಲದೆ ಒಂದು ಹೊಲಿಯಿರಿ. ದೊಡ್ಡ ಮಕ್ಕಳಿಗೆ ತಲೆಗೆ ಒಂದು ಟವೆಲ್ ಸಾಕು, ಹಿಂದೆ ಕುತ್ತಿಗೆಯ ಮೇಲೆ ಇಳಿಬಿಡಿ.

ಕಾಲನ್ನು ಮರೆಯಬೇಡಿ. ಡಾಂಬರು ರಸ್ತೆ, ತಗಡು, ಬಂಡೆ ಇವೆಲ್ಲ ಮಧ್ಯಾಹ್ನ ಕಾದ ಹೆಂಚಿನ ಹಾಗೆ ಇರುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಸೀಟು, ಟ್ಯಾಂಕು ಕೂಡ ಹಾಗೆಯೇ. ಚಡ್ಡಿ ಹಾಕಿದ ಮಗುವನ್ನು ಅದರ ಮೇಲೆ ಕೂರಿಸುವ ಮುಂಚೆ ಕೈಯಿಟ್ಟು ನೋಡಿ.

ಕರ್ರಗಾದರೆ ಏನಾಯ್ತು?

ಈ ಪಾಠವನ್ನು ತಪ್ಪಾಗಿ ತಿಳಿಯುವವರೂ ಇದ್ದಾರೆ. ಬಿಸಿಲಿಗೆ ಹೋಗಬೇಡ ಅಂದ ಕೂಡಲೇ "ಹೌದು, ಹುಡುಗಿ ಕರ್ರಗಾಗ್ತಾಳೆ" ಅನ್ನುತ್ತಾರೆ. ನಾವು ಹೇಳುತ್ತಿರುವುದು ಅದಲ್ಲ. ಮೈ ಕಪ್ಪಾಗುವುದು ರೋಗವಲ್ಲ. ಅದು ಚರ್ಮ ತಾನೇ ಹಿಡಿದ ಕೊಡೆ ಅಂತ ಆಗಲೇ ಓದಿದೆವು. ನಾವು ಕಾಯಬೇಕಾದದ್ದು ಸುಡುವುದರಿಂದ. ಬಣ್ಣದ ಚಿಂತೆಗೆ ಹೆಣ್ಣುಮಗುವನ್ನು ಆಟಕ್ಕೆ ಬಿಡದೆ ಒಳಗೆ ಕೂರಿಸುವುದು ಅನ್ಯಾಯ.

ಬೆಳ್ಳಗಾಗಲಿ ಅಂತ ಲಿಂಬೆರಸ ಹಚ್ಚುವವರಿದ್ದಾರೆ. ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಬೊಬ್ಬೆ ಏಳಬಹುದು. ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬೆಳ್ಳಗಾಗುವ ಕ್ರೀಮುಗಳ ಮಾತು ಇನ್ನೂ ಕೆಟ್ಟದ್ದು. ಕೆಲವದರಲ್ಲಿ ಸ್ಟೀರಾಯ್ಡ್ ಅನ್ನುವ ಔಷಧ ಇರುತ್ತದೆ. ವೈದ್ಯರು ಬರೆದುಕೊಡದೆ ಅದನ್ನು ಹಚ್ಚಬಾರದು. ದಿನಾ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಇನ್ನೂ ಬೇಗ ಸುಡುತ್ತದೆ. ದುಡ್ಡು ಕೊಟ್ಟು ಕಷ್ಟ ತಂದುಕೊಂಡ ಹಾಗೆ.

ಕಪ್ಪು ಮೈಯವರಿಗೆ ಬಿಸಿಲು ಏನೂ ಮಾಡಲ್ಲ ಅನ್ನುವುದೂ ತಪ್ಪು. ಕಪ್ಪು ಮೈ ನಿಧಾನವಾಗಿ ಸುಡುತ್ತದೆ, ಆದರೆ ಸುಡುತ್ತದೆ. ಕೆಂಪಾದದ್ದು ಕಣ್ಣಿಗೆ ಬೇಗ ಕಾಣುವುದಿಲ್ಲ ಅಷ್ಟೇ. ಅದಕ್ಕೆ ಕೈಯಿಂದ ಮುಟ್ಟಿ ನೋಡಬೇಕು. ಆ ಸೊಸೆ ಮಾಡಿದ್ದು ಅದನ್ನೇ.

ಚರ್ಮ ಸುಟ್ಟಾಗ

ಬಿಸಿಲಿನ ಸುಟ್ಟ ಗಾಯ ತಕ್ಷಣ ಕಾಣುವುದಿಲ್ಲ. ಮಧ್ಯಾಹ್ನ ಆಡಿದ ಮಗುವಿಗೆ ಸಂಜೆ ಉರಿ ಶುರುವಾಗುತ್ತದೆ. ರಾತ್ರಿ ಹೆಚ್ಚುತ್ತದೆ. ಕೆಲವು ದಿನದ ಮೇಲೆ ಹಾವಿನ ಪೊರೆಯ ಹಾಗೆ ಸಿಪ್ಪೆ ಏಳುತ್ತದೆ.

ಮೊದಲು ಮಗುವನ್ನು ನೆರಳಿಗೆ ತನ್ನಿ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಮೈಮೇಲೆ ಇಡಿ. ದಿನಕ್ಕೆ ನಾಲ್ಕಾರು ಸಲ ಹೀಗೆ ಮಾಡಿ. ಹೂಜಿಯ ನೀರು ಸಾಕು, ಬರ್ಫ ಬೇಡ. ಮೇಲಿಂದ ಮೇಲೆ ನೀರು, ಮಜ್ಜಿಗೆ ಕುಡಿಸಿ. ಎದೆಹಾಲು ಕುಡಿಯುವ ಕೂಸಿಗೆ ಹೆಚ್ಚು ಸಲ ಹಾಲು ಕೊಡಿ. ಆರು ತಿಂಗಳ ಒಳಗಿನ ಕೂಸಿಗೆ ನೀರು ಬೇಡ, ತಾಯಿಯ ಹಾಲೇ ನೀರು.

ಟೂತ್‌ಪೇಸ್ಟ್ ಹಚ್ಚಬೇಡಿ. ತುಪ್ಪ, ಎಣ್ಣೆ, ಅರಿಶಿನ, ಇಂಕು ಹಚ್ಚಬೇಡಿ. ಇವು ಕಾವನ್ನು ಒಳಗೇ ಹಿಡಿಯುತ್ತವೆ, ಇಲ್ಲವೇ ಉರಿ ಹೆಚ್ಚಿಸುತ್ತವೆ. ಬೊಬ್ಬೆ ಒಡೆಯಬೇಡಿ. ಒಡೆದರೆ ಅದರಲ್ಲಿ ಕೀವು ಆಗುತ್ತದೆ.

ಬೊಬ್ಬೆ ಹೆಚ್ಚು ಎದ್ದರೆ, ಜ್ವರ ಬಂದರೆ, ಒಂದು ವರ್ಷದ ಒಳಗಿನ ಕೂಸಾದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಗು ವಾಂತಿ ಮಾಡಿ ಮಂಕಾದರೆ, ಮೈ ಕೆಂಡದ ಹಾಗೆ ಸುಟ್ಟು ಮಾತು ತೊದಲಿದರೆ, ಫಿಟ್ಸ್ ಬಂದರೆ ಅದು ಚರ್ಮದ ವಿಷಯ ಅಲ್ಲ. ಒಳಗೇ ಝಳ ಹೊಡೆದಿದೆ. ಮೈಗೆ ನೀರು ಸುರಿದು, ಗಾಳಿ ಬೀಸುತ್ತಾ, 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು.

ಬೆವರುಸಾಲೆ ಬೇರೆ. ಅದು ಕಿರಣದಿಂದ ಬರುವುದಲ್ಲ. ಬೆವರಿನ ರಂಧ್ರ ಮುಚ್ಚಿ ಸಣ್ಣ ಗುಳ್ಳೆ ಏಳುವುದು. ದಿನಕ್ಕೆ ಎರಡು ಸಲ ತಣ್ಣೀರು ಸ್ನಾನ, ತೆಳು ಬಟ್ಟೆ, ಗಾಳಿ. ಅಷ್ಟಕ್ಕೇ ಹೋಗುತ್ತದೆ. ಎಣ್ಣೆ ಮೆತ್ತಿದರೆ ರಂಧ್ರ ಇನ್ನೂ ಮುಚ್ಚುತ್ತದೆ. ಪೌಡರನ್ನು ಕೂಸಿನ ಮುಖದ ಹತ್ತಿರ ಉದುರಿಸಬೇಡಿ, ಉಸಿರಿನ ಜೊತೆ ಒಳಗೆ ಹೋಗುತ್ತದೆ.

ಜೋಳ ಉಣ್ಣುವ ಸೀಮೆಯವರಿಗೆ ಒಂದು ಮಾತು ಹೇಳಬೇಕು. ಬಿಸಿಲು ಬಿದ್ದ ಕಡೆ ಮಾತ್ರ, ಅಂದರೆ ಕುತ್ತಿಗೆಯ ಸುತ್ತ, ಮುಂಗೈ, ಪಾದದ ಮೇಲೆ ಚರ್ಮ ಕಪ್ಪಾಗಿ, ಒರಟಾಗಿ ಬಿರಿದರೆ ಅದು ಪೆಲಾಗ್ರಾ ಇರಬಹುದು. ಇದು ಹೆಚ್ಚಾಗಿ ದೊಡ್ಡವರಿಗೆ ಬರುತ್ತಿತ್ತು. ಜೋಳದ ರೊಟ್ಟಿ ಬಿಟ್ಟರೆ ಬೇರೇನೂ ಸಿಗದ ಬಡವರಲ್ಲಿ ಈ ರೋಗ ಇದ್ದದ್ದನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು 1960ರಲ್ಲಿ ಬರೆದು ತಿಳಿಸಿದರು. ಜೋಳದ ತಪ್ಪಲ್ಲ, ಜೋಳ ಒಂದನ್ನೇ ಉಣ್ಣುವ ಬಡತನದ ತಪ್ಪು. ರೊಟ್ಟಿಯ ಜೊತೆ ಬೇಳೆ, ಶೇಂಗಾ, ಹಾಲು ಸೇರಿದರೆ ಆ ರೋಗ ಬರುವುದಿಲ್ಲ.

ಹುಟ್ಟುವಾಗಲೇ ಬೆಳ್ಳಗಿರುವ ಮಕ್ಕಳು

ಈ ಭಾಗವನ್ನು ನಿಧಾನವಾಗಿ ಓದಿ. ಓದಿ ಪಕ್ಕದ ಮನೆಯವರಿಗೂ ಹೇಳಿ.

ಕೆಲವು ಮಕ್ಕಳು ಹುಟ್ಟುವಾಗಲೇ ಬಹಳ ಬೆಳ್ಳಗೆ ಇರುತ್ತಾರೆ. ಕೂದಲು ಬಿಳಿ ಅಥವಾ ಜೋಳದ ರವದಿಯ ಬಣ್ಣ. ರೆಪ್ಪೆಯೂ ಬಿಳಿ. ಕಣ್ಣುಗುಡ್ಡೆ ಆಚೀಚೆ ಅದುರುತ್ತಾ ಇರುತ್ತದೆ. ಬೆಳಕಿಗೆ ಕಣ್ಣು ಬಿಡಲಾಗುವುದಿಲ್ಲ. ಇದಕ್ಕೆ ಆಲ್ಬಿನಿಸಂ ಅಂತ ಹೆಸರು. ಈ ಮಕ್ಕಳ ಚರ್ಮದಲ್ಲಿ ಮೆಲನಿನ್ ಬಣ್ಣ ತಯಾರಾಗುವುದಿಲ್ಲ, ಇಲ್ಲವೇ ತೀರಾ ಕಡಿಮೆ. ಅಂದರೆ ನಮಗೆಲ್ಲ ಹುಟ್ಟಿನಿಂದ ಬಂದ ಕೊಡೆ ಇವರಿಗೆ ಇಲ್ಲ.

ಇದು ಶಾಪವಲ್ಲ. ತಾಯಿ ಗ್ರಹಣ ನೋಡಿದ್ದಕ್ಕೆ ಬಂದದ್ದಲ್ಲ. ಇದು ಕುಷ್ಠವಲ್ಲ, ಅಂಟುವ ರೋಗವೂ ಅಲ್ಲ. ತಾಯಿ ತಂದೆ ಇಬ್ಬರ ರಕ್ತದಲ್ಲೂ ಇದರ ಬೀಜ ಅಡಗಿದ್ದರೆ ಮಗುವಿಗೆ ಬರಬಹುದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ಮದುವೆ ಮಾಡುವ ಮನೆತನಗಳಲ್ಲಿ ಒಂದೇ ಬೀಜ ಎರಡೂ ಕಡೆ ಇರುವ ಸಂಭವ ಹೆಚ್ಚು. ಆದ್ದರಿಂದ "ನಿನ್ನಿಂದ ಹಿಂಗಾಯ್ತು" ಅಂತ ತಾಯಿಯೊಬ್ಬಳನ್ನೇ ಬೈಯುವುದರಲ್ಲಿ ಅರ್ಥ ಇಲ್ಲ. ಇಬ್ಬರದ್ದೂ ಸಮಪಾಲು.

ಈ ಮಕ್ಕಳಿಗೆ ಬಿಸಿಲು ನಿಜವಾದ ಶತ್ರು. ಕೆಲವೇ ನಿಮಿಷದಲ್ಲಿ ಚರ್ಮ ಸುಡುತ್ತದೆ. ವರ್ಷಗಟ್ಟಲೆ ಹೀಗೇ ಸುಟ್ಟರೆ ಯೌವನದಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು. ಆಫ್ರಿಕಾದ ತಾಂಜಾನಿಯಾ ದೇಶದಲ್ಲಿ ಇಂಥ ಎಷ್ಟೋ ಮಂದಿ ಚಿಕ್ಕ ವಯಸ್ಸಿನಲ್ಲೇ ಹೀಗೆ ತೀರಿಕೊಂಡಿದ್ದಾರೆ. ಆದರೆ ಇದನ್ನು ತಡೆಯಬಹುದು. ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಅಥವಾ ಲಂಗ, ಅಗಲ ಅಂಚಿನ ಟೋಪಿ, ಕೊಡೆ. ಇವು ದಿನಾ ಬೇಕು, ಮೋಡ ಇದ್ದ ದಿನವೂ ಬೇಕು. ಮುಖ, ಕೈಗೆ ಸನ್‌ಸ್ಕ್ರೀನ್ ಕ್ರೀಮು ಹಚ್ಚಬೇಕು. ಅದರ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚು ಅಂತ ಬರೆದಿರಬೇಕು. ಅಂಕಿ ಓದಿಯೇ ಕೊಳ್ಳಿ. ಹೊರಗೆ ಹೋಗುವ ಸ್ವಲ್ಪ ಮುಂಚೆ ಹಚ್ಚಿ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಈ ಕ್ರೀಮು ತುಟ್ಟಿ. ಬೇರೆ ಮಕ್ಕಳಿಗೆ ಬಟ್ಟೆ, ನೆರಳು ಇದ್ದರೆ ಅದಿಲ್ಲದೆ ನಡೆಯುತ್ತದೆ. ಇವರಿಗೆ ಅದು ಔಷಧ. ಮೈಮೇಲೆ ವಾಸಿಯಾಗದ ಹುಣ್ಣು, ಗಂಟು ಕಂಡರೆ ಕಾಯದೆ ಜಿಲ್ಲಾ ಆಸ್ಪತ್ರೆಯ ಚರ್ಮದ ವೈದ್ಯರ ಬಳಿ ಹೋಗಿ.

ಕಣ್ಣಿನ ಮಾತೂ ಇದೆ. ಇವರಿಗೆ ದೂರದ್ದು ಕಾಣುವುದಿಲ್ಲ. ಹಲಗೆಯ ಮೇಲೆ ಬರೆದದ್ದು ಕಾಣದೆ ದಡ್ಡರು ಅನ್ನಿಸಿಕೊಂಡು ಶಾಲೆ ಬಿಡುತ್ತಾರೆ. ಬುದ್ಧಿಯಲ್ಲಿ ಇವರಿಗೆ ಯಾವ ಕೊರತೆಯೂ ಇಲ್ಲ. ಮುಂದಿನ ಸಾಲಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಿ ಅಂತ ಮೇಷ್ಟ್ರಿಗೆ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿಯೂ ಸೇರಿದೆ. ತಪಾಸಣೆ ಮಾಡಿಸಿ ಪ್ರಮಾಣಪತ್ರ ಕೇಳಬಹುದು. 2015ರಿಂದ ಪ್ರತಿ ವರ್ಷ ಜೂನ್ 13ನ್ನು ಈ ಜನರ ದಿನವಾಗಿ ವಿಶ್ವಸಂಸ್ಥೆ ಆಚರಿಸುತ್ತಿದೆ.

ತೊನ್ನು ಇರುವ ಮಕ್ಕಳಿಗೂ ಆ ಬಿಳಿ ಮಚ್ಚೆಯ ಜಾಗದಲ್ಲಿ ಬಣ್ಣ ಇರುವುದಿಲ್ಲ. ಅಲ್ಲಿ ಬೇಗ ಸುಡುತ್ತದೆ. ಅಷ್ಟು ಜಾಗಕ್ಕೆ ಬಟ್ಟೆ ಮರೆ ಮಾಡಿ. ಅದೂ ಅಂಟುವುದಿಲ್ಲ.

ಶಾಲೆಯ ಅಂಗಳ

ಶಾಲೆಯ ಪ್ರಾರ್ಥನೆ, ಡ್ರಿಲ್ಲು, ಆಟೋಟದ ತಯಾರಿ, ಎಲ್ಲವೂ ಬಯಲಿನಲ್ಲಿ. ಭಾಷಣ ಮಾಡುವ ದೊಡ್ಡವರಿಗೆ ಶಾಮಿಯಾನ, ಸಾಲಾಗಿ ನಿಂತ ಮಕ್ಕಳಿಗೆ ಬಿಸಿಲು! ಇದನ್ನು ಎಷ್ಟು ಸಲ ನೋಡಿಲ್ಲ ನಾವು? ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋದಾಗ ಕೇಳಿ. ಪ್ರಾರ್ಥನೆಯನ್ನು ಕಟ್ಟಡದ ನೆರಳಿನ ಕಡೆಗೆ ತಿರುಗಿಸಲು ಖರ್ಚಿಲ್ಲ. ಆಟದ ಪಿರಿಯಡ್ಡನ್ನು ಮೂರೂವರೆಯ ಮೇಲೆ ಇಡಲೂ ಖರ್ಚಿಲ್ಲ. ಹೊಂಗೆ, ಬೇವಿನ ಸಸಿ ಮಳೆಗಾಲದ ಶುರುವಿಗೆ ನೆಟ್ಟು ಬೇಲಿ ಕಟ್ಟಿದರೆ ಐದಾರು ವರ್ಷಕ್ಕೆ ಮಕ್ಕಳು ಕೂರುವಷ್ಟು ನೆರಳಾಗುತ್ತದೆ. ನೆಡುವುದು ಸುಲಭ. ಮೊದಲ ಎರಡು ಬೇಸಿಗೆ ನೀರು ಹಾಕುವವರು ಯಾರು ಅನ್ನುವುದನ್ನು ಅದೇ ಸಭೆಯಲ್ಲಿ ಹೆಸರು ಬರೆದು ತೀರ್ಮಾನಿಸಿ.

ಮಾಡಿ ನೋಡಿ

ಒಂದು ಗೇಣಿನ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ 8, 10, ಮಧ್ಯಾಹ್ನ 12, 2, ಸಂಜೆ 4 ಗಂಟೆಗೆ ಅದರ ನೆರಳನ್ನು ಗೇಣಿನಿಂದ, ಬೆರಳಿನಿಂದ ಅಳೆಯಿರಿ. ಗಂಟೆ ಒಂದು ಕಡೆ, ಅಳತೆ ಇನ್ನೊಂದು ಕಡೆ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಯಾವ ಯಾವ ಹೊತ್ತಿಗೆ ನೆರಳು ಕೋಲಿಗಿಂತ ಗಿಡ್ಡ ಇತ್ತು? ಆ ಹೊತ್ತಿನಲ್ಲಿ ನಿಮ್ಮ ಮನೆಯ ಮಕ್ಕಳು ಎಲ್ಲಿದ್ದರು? ಅದನ್ನೂ ಪಕ್ಕದಲ್ಲಿ ಬರೆದು, ಮುಂದಿನ ತರಗತಿಗೆ ತನ್ನಿ.